ಅಪ್ಪನ ಪಿಸಿ, ಕಂತು 4: ಹಾಡಿದೆ, ಹಾಡೋರಿಲ್ಲ

ಸಿಕ್ತು ಕಣ್ರೀ. ಅಪ್ಪನಿಗೆ ಅಂತ ಜೋಡಿಸ್ತಿರೋ ಪಿಸೀಲಿ ಹಾಡು ಯಾಕೆ ಸರಿಯಾಗಿ ಕೇಳಿಸ್ತಿರ್ಲಿಲ್ಲ ಅನ್ನೋದು, ಹನ್ನೊಂದು ದಿನ ಆದ್ಮೇಲೆ ನಿನ್ನೆ ರಾತ್ರಿ ಸಿಕ್ತು. ಹೋದ ಕಂತಲ್ಲಿ "ಇನ್ನೇನು, ಕೇಬಲ್ ಕಟ್ಟಿ ಮುಚ್ಚಳ ಹಾಕೋದಷ್ಟೇ ಬಾಕಿ" ಅಂತ ಬರೆದಿದ್ನಲ್ಲ, ಆ ಸಾಲು ಬರೆದ ಕೈಗೆ ಸಾಲ್ಡರಿಂಗ್ ಐರನ್ನಲ್ಲೇ ಬರೆ ಹಾಕ್ಬೇಕು.

ಬೋರ್ಡು, ಎಸ್‌ಎಸ್‌ಡಿ, ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ಮು ಎಲ್ಲಾ ಸಲೀಸಾಗಿ ಆಯ್ತು, ಅದ್ರ ಬಗ್ಗೆ ಹೇಳೋದೇನಿಲ್ಲ. ಕ್ಯಾಬಿನೆಟ್ ಮಾತ್ರ ಅಟ್ಟದ ಮೇಲಿದ್ದ ಹಳೇದೇ. ತೊಂದರೆ ಕೊಟ್ಟಿದ್ದು ಅದ್ರ ಮುಂದಿನ ಹೆಡ್‌ಫೋನ್ ಜ್ಯಾಕ್. "ಕನೆಕ್ಟರ್ ತಪ್ಪು ಹಾಕಿದೀಯೇನೋ" ಅಂತ ಎಲ್ರೂ ಮೊದಲು ಕೇಳೋದು ಗೊತ್ತು. ಹೌದು, ಕೇಬಲ್ ತುದೀಲಿ ಎರಡು ಕನೆಕ್ಟರ್ ಇತ್ತು, ನಾನು ಎಚ್‌ಡಿ ಆಡಿಯೋ ಅಂತ ಬರೆದಿರೋದನ್ನೇ ಹಾಕಿದೀನಿ, ಎಸಿ 97 ಅಂತ ಇರೋ ಹಳೇ ಕ್ರಮದ್ದನ್ನ ಅಲ್ಲ. ಎಸಿ 97ರಲ್ಲಿ 6 ಮತ್ತೆ 10ನೇ ಪಿನ್ನು ಹಿಂದಿನ ಜ್ಯಾಕಿಗೆ ಆಡಿಯೋ ವಾಪಸ್ ಕಳಿಸೋಕೆ, ಎಚ್‌ಡಿ ಆಡಿಯೋದಲ್ಲಿ ಅದೇ ಪಿನ್ನುಗಳು ಪ್ಲಗ್ ಹಾಕಿದ್ದಾರಾ ಇಲ್ವಾ ಅಂತ ಕಂಡುಹಿಡಿಯೋ ಸೆನ್ಸ್ ಲೈನು. ಅದಲು ಬದಲಾದ್ರೆ ಗೋವಿಂದ. ಆದ್ರೆ ಇಲ್ಲಿ ಅದಲ್ಲ.

ನಾನು ಟೆಸ್ಟ್ ಮಾಡಿದಾಗ ಹಾಡು ಬಂತು. ಸ್ವಲ್ಪ ದೂರದಿಂದ ಬಂದಂಗೆ, ಬಾವಿಯೊಳಗೆ ಆರ್ಕೆಸ್ಟ್ರಾ ಕೂರ್ಸಿದಂಗೆ ಇತ್ತು, ಆದ್ರೆ ಬಂತು. ಹೆಡ್‌ಫೋನೂ 500 ರೂಪಾಯಿದು, ಇನ್ನೇನು ನಿರೀಕ್ಷೆ ಮಾಡೋದು ಅಂತ ಅಪ್ಪನ ಕೈಗೆ ಕೊಟ್ಟು ಕಾಫಿ ಕುಡಿಯೋಕೆ ಹೋದೆ. ಎರಡೇ ನಿಮಿಷ, ಒಳಗಿಂದ ಕೂಗು. "ಲೋ, ಇದ್ರಲ್ಲಿ ಬರೀ ಮಳೆ ಬಂದಂಗೆ ಸದ್ದು ಬರ್ತಿದೆ, ಹಾಡೆಲ್ಲೋ?"

ಕೇಳಿದೆ. ಪಿ.ಬಿ. ಶ್ರೀನಿವಾಸ್ ಇಲ್ಲ. ಪಿಟೀಲಿಲ್ಲ, ತಬಲಾ ಇಲ್ಲ. ಹಳೇ ರೆಕಾರ್ಡಿನ ಚರಪರ ಸದ್ದು ಮಾತ್ರ ಸಣ್ಣಗೆ. ನನ್ನ ಹಾಡು ಹಾಕಿದ್ರೆ ಬರುತ್ತೆ, ಅಪ್ಪನ ಹಾಡು ಹಾಕಿದ್ರೆ ಮಳೆ. ಕಂಪ್ಯೂಟರಿಗೂ ತಲೆಮಾರಿನ ಅಂತರ ಗೊತ್ತಾಗುತ್ತಾ?

ಫೈಲ್ ಕೆಟ್ಟಿದೆ ಅಂದ್ಕೊಂಡೆ. ಇಲ್ಲ, ಹಿಂದಿನ ಹಸಿರು ಜ್ಯಾಕಿಗೆ ಅದೇ ಹೆಡ್‌ಫೋನ್ ಹಾಕಿದ್ರೆ ಅದೇ ಫೈಲ್ ಚೆನ್ನಾಗೇ ಹಾಡುತ್ತೆ. ಯೂಟ್ಯೂಬಲ್ಲಿ ಒಬ್ರೇ ಕೂತು ಮಾತಾಡೋ ವಿಡಿಯೋ ಹಾಕಿದೆ, ಬಾಯಿ ಆಡುತ್ತೆ, ಮಾತಿಲ್ಲ. ಹಿನ್ನೆಲೆ ಮ್ಯೂಸಿಕ್ ಶುರುವಾದ್ರೆ ಅದು ಮಾತ್ರ ಕೇಳ್ಸುತ್ತೆ. ಇಷ್ಟೊತ್ತಿಗೆ ನನಗೆ ಹೊಳೀಬೇಕಿತ್ತು. ಹೊಳೀಲಿಲ್ಲ, ಯಾಕಂದ್ರೆ ನಾನು ಸಾಫ್ಟ್‌ವೇರ್ ಕೆಲಸದವನು, ಕೈಯಲ್ಲಿ ಸುತ್ತಿಗೆ ಇದ್ರೆ ಎಲ್ಲಾ ಮೊಳೆ ಥರಾನೇ ಕಾಣೋದು.

ಲಿನಕ್ಸಿನ ಸೌಂಡ್ ಸೆಟ್ಟಿಂಗ್ ಪ್ರೋಗ್ರಾಮುಗಳನ್ನೆಲ್ಲ ಒಂದೊಂದಾಗಿ ತಡಕಾಡಿ ನಾಲ್ಕು ರಾತ್ರಿ ಹೋಯ್ತು. ಆಲ್ಸಾಮಿಕ್ಸರಲ್ಲಿ ಆಟೋ ಮ್ಯೂಟ್ ಆಫ್ ಮಾಡಿ ಆನ್ ಮಾಡಿದೆ, ಪಾವುಕಂಟ್ರೋಲಲ್ಲಿ ಪೋರ್ಟ್ ಬದಲಾಯ್ಸಿದೆ, ಎಡ ಬಲ ಸ್ಲೈಡರ್ ಬೇರೆಬೇರೆ ಎಳೆದು ನೋಡಿದೆ, ಪೈಪ್‌ವೈರ್ ರೀಸ್ಟಾರ್ಟ್, ಕೊನೆಗೆ ಎಚ್‌ಡಿಎ ಜ್ಯಾಕ್ ರೀಟಾಸ್ಕ್ ತೆಗೆದು ರಿಯಲ್‌ಟೆಕ್ ಎಎಲ್‌ಸಿ 887 ಅನ್ನೋ ಸೌಂಡ್ ಚಿಪ್ಪಿನ ಪಿನ್ನುಗಳಿಗೆಲ್ಲ ಹೊಸ ಹೆಸರು ಇಟ್ಟು ನಾಮಕರಣ ಮಾಡಿದೆ. ದಾರಿ ತಪ್ಪಿಸಿದ್ದು ಏನು ಅಂದ್ರೆ, ಪ್ಲಗ್ ಹಾಕಿದ ತಕ್ಷಣ ಸಿಸ್ಟಮ್ಮು ಹೆಡ್‌ಫೋನ್ ಬಂತು ಅಂತ ಸರಿಯಾಗೇ ತೋರಿಸ್ತಿತ್ತು, ತೆಗೆದ್ರೆ ಹೋಯ್ತು ಅಂತಿತ್ತು. ಡಿಟೆಕ್ಷನ್ ಕೆಲಸ ಮಾಡ್ತಿದೆ ಅಂದ್ಮೇಲೆ ಜ್ಯಾಕ್ ಸರಿ ಇದೆ ಅಂತ ನಾನೇ ತೀರ್ಪು ಕೊಟ್ಬಿಟ್ಟೆ. ಈ ಐದು ಕಾಲಿನ ಜ್ಯಾಕಲ್ಲಿ ಎಡ, ಬಲ, ಗ್ರೌಂಡ್ (ಕರೆಂಟ್ ವಾಪಸ್ ಹೋಗೋ ದಾರಿ) ಮೂರು, ಉಳಿದ ಎರಡು ಕಾಲು ಡಿಟೆಕ್ಷನ್ ಸ್ವಿಚ್ಚಿಂದು, ಅದಕ್ಕೂ ಆಡಿಯೋಗೂ ಸಂಬಂಧಾನೇ ಇಲ್ಲ. ಗೊತ್ತಿತ್ತು. ಗೊತ್ತಿದ್ದೂ ಯೋಚನೆ ಮಾಡ್ಲಿಲ್ಲ.

ಸ್ಪೀಕರ್ ಟೆಸ್ಟ್ ಕೂಡ ಸುಳಿವು ಕೊಟ್ಟಿತ್ತು. "ಫ್ರಂಟ್ ಲೆಫ್ಟ್" ಅಂತ ಹೆಂಗಸಿನ ದನಿ ಬರುತ್ತಲ್ಲ, ಅದು ಎರಡೂ ಕಿವೀಲಿ ಬಂತು, ಸಣ್ಣಗೆ. "ಫ್ರಂಟ್ ರೈಟ್" ಅಂದಾಗಲೂ ಎರಡೂ ಕಿವೀಲಿ. ಎಲ್ಲೋ ಮೋನೋ, ಅಂದ್ರೆ ಎಡ ಬಲ ಕೂಡಿಸಿ ಒಂದೇ ಸದ್ದು, ಮಾಡ್ಬಿಟ್ಟಿದೀನಿ ಅಂತ ಸೆಟ್ಟಿಂಗ್ ಹುಡುಕ್ತಾ ಕೂತೆ. ನಡೀತಿದ್ದಿದ್ದು ಪೂರ್ತಿ ಉಲ್ಟಾ.

ತಲೆಗೆ ಹೊಳೆದಿದ್ದು ಗಣೇಶನ ಹಬ್ಬದ ದೆಸೆಯಿಂದ. ಹೋದ ವರ್ಷ ನಮ್ಮ ಬೀದಿ ಹುಡುಗ್ರಿಗೆ ಕರೋಕೆ ಟ್ರ್ಯಾಕ್ ಬೇಕಿತ್ತು, ಆಡಾಸಿಟಿ ಅನ್ನೋ ಆಡಿಯೋ ಎಡಿಟರಲ್ಲಿ ಎಡದಿಂದ ಬಲ ಕಳೆದು ಹಾಡುಗಾರನ್ನ ತೆಗೆದಿದ್ದೆ. ನಡುವೆ ನಿಂತು ಹಾಡೋರ ದನಿ ಎರಡೂ ಚಾನೆಲ್ಲಲ್ಲಿ ಒಂದೇ ಥರ ಇರುತ್ತೆ, ಕಳೆದ್ರೆ ಸೊನ್ನೆ, ಪಕ್ಕದಲ್ಲಿರೋ ವಾದ್ಯ, ಎಕೋ ಮಾತ್ರ ಉಳಿಯುತ್ತೆ. ಆ ಬಾವಿ ಸೌಂಡು! ನಾನು ಹಾಕಿದ ಹೊಸ ಹಾಡಲ್ಲೂ ಹಾಡುಗಾರ ಇರ್ಲೇ ಇಲ್ಲ, ನಾನು ಗಮನಿಸಿರ್ಲಿಲ್ಲ ಅಷ್ಟೇ. ಅಪ್ಪನ ಹಳೇ ಹಾಡು ಮೋನೋ, ಎರಡೂ ಕಡೆ ಅಚ್ಚು ಒಂದೇ, ಹಾಗಾಗಿ ಪೂರ್ತಿ ಮಾಯ. ರೆಕಾರ್ಡಿನ ಗೀರು ಧೂಳಿನ ಸದ್ದು ಎಡಕ್ಕೂ ಬಲಕ್ಕೂ ಬೇರೆಬೇರೆ ಇತ್ತು ನೋಡಿ, ಅದೊಂದೇ ಉಳ್ಕೊಂಡು ಮಳೆ ಆಯ್ತು.

ಅಂದ್ರೆ ಗ್ರೌಂಡ್ ಕಟ್ಟಾಗಿದೆ. ಹೆಡ್‌ಫೋನೊಳಗಿನ ಎಡ ಬಲ ಎರಡೂ ಸ್ಪೀಕರಿನ ವಾಪಸ್ ದಾರಿ ಒಂದೇ, ಅದು ಹೋದ್ರೆ ಎರಡೂ ಸೀರೀಸಲ್ಲಿ, ಅಂದ್ರೆ ಒಂದರ ಹಿಂದೊಂದು ನಿಲ್ಲುತ್ತೆ, 32 ಓಮಿನವು ಎರಡು ಸೇರಿ 64. ಎಡದಿಂದ ಹೊರಟ ಕರೆಂಟಿಗೆ ಬಲದ ಆಂಪ್ಲಿಫೈಯರೇ ವಾಪಸ್ ದಾರಿ. ಎರಡೂ ಕಡೆ ಒಂದೇ ವೋಲ್ಟೇಜ್ ಇದ್ರೆ ಕರೆಂಟ್ ಹರಿಯೋದೇ ಇಲ್ಲ. ಸ್ಪೀಕರ್ ಟೆಸ್ಟಲ್ಲಿ ಒಂದು ಚಾನೆಲ್ ಮಾತಾಡಿದ್ರೂ ಎರಡು ಕಿವೀಲಿ ಬಂದಿದ್ದು, ಅರ್ಧ ಅರ್ಧ ವೋಲ್ಟೇಜ್ ಹಂಚಿಕೊಂಡಿದ್ದು, ಎಲ್ಲಾ ಲೆಕ್ಕ ಸರಿಹೋಯ್ತು.

ಖುಷೀಲಿ ಮಲ್ಟಿಮೀಟರ್ ತಗೊಂಡು ಜ್ಯಾಕಿನ ಗ್ರೌಂಡ್ ಕಾಲಿಂದ, ಬೋರ್ಡಲ್ಲಿ ಆ ಕೇಬಲ್ ಸಿಕ್ಕಿಸೋ ಹೆಡರಿನ 2ನೇ ಪಿನ್ನಿಗೆ (ಅದು ಗ್ರೌಂಡ್) ಇಟ್ಟೆ. ಬೀಪ್.

ಬೀಪ್ ಅಂತೆ! ಅಂದ್ರೆ ಗ್ರೌಂಡ್ ಕಟ್ಟಾಗೇ ಇಲ್ಲ ಅಂತ. ಇನ್ನೊಂದು ಸಲ ಇಟ್ಟೆ, ಬೀಪ್. ಪಕ್ಕದ ಮೈಕ್ ಜ್ಯಾಕಿಗೂ ಅದೇ ಗ್ರೌಂಡು, ಮೈಕ್ ಕೆಲಸ ಮಾಡ್ತಿದೆ, ಅಂದ್ರೆ ಕೇಬಲ್ಲೂ ಸರಿ. ಹಾಗಾದ್ರೆ ಜ್ಯಾಕಿನ ಒಳಗಿನ ಸ್ಪ್ರಿಂಗ್ ಪಟ್ಟಿ ಸವೆದಿದೆ ಅಂತ ಆನ್‌ಲೈನಲ್ಲಿ ಹತ್ತು ಜ್ಯಾಕ್ ಆರ್ಡರ್ ಹಾಕಿದೆ (ಒಂದು ಕೊಡಲ್ವಂತೆ). ಫೋಟೋದಲ್ಲಿ ಐದು ಕಾಲು, ಬಂದಿದ್ದು ಮೂರು ಕಾಲು. ವಾಪಸ್ ಕೇಳಿದ್ರೆ "ಚಿತ್ರ ಕೇವಲ ಉದಾಹರಣೆಗೆ" ಅಂತ ಉತ್ತರ. ಭಾನುವಾರ ಬೆಂಗಳೂರಿಗೆ ಹೋದವನು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೂ ಹೋದೆ, ಬಹುತೇಕ ಶಟರ್ ಎಳೆದಿತ್ತು, ತೆರೆದಿದ್ದ ಒಂದು ಅಂಗಡಿಯವರು ಜ್ಯಾಕ್ ತಿರುಗಿಸಿ ನೋಡಿ "ಇದೆಲ್ಲಾ ಯಾರು ರಿಪೇರಿ ಮಾಡ್ತಾರೆ ಸಾರ್, ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ" ಅಂದ್ರು. ಮಾತು ಸರಿ. ಅದಕ್ಕೇ ಕೋಪ ಬಂತು.

ನಿನ್ನೆ ರಾತ್ರಿ ಸತ್ತ ಇಯರ್‌ಫೋನಿನ ಪ್ಲಗ್ಗು ವಯರ್ ಸಮೇತ ಕತ್ತರಿಸಿ, ಎಳೆ ಬಿಡಿಸಿ, ಎನಾಮಲ್ ಸುಟ್ಟು, ಅದನ್ನ ಜ್ಯಾಕಿಗೆ ಹಾಕಿಟ್ಟು ಗ್ರೌಂಡ್ ಎಳೆಯಿಂದ ಕ್ಯಾಬಿನೆಟ್ ತಗಡಿಗೆ ನೋಡಿದೆ. ಬೀಪ್ ಇಲ್ಲ. ಪ್ಲಗ್ ಹಾಗೇ ಇಟ್ಟು ಪ್ರೋಬಿಂದ ಗ್ರೌಂಡ್ ಕಾಲು ಒತ್ತಿದೆ, ಬೀಪ್. ಬಿಟ್ಟೆ, ಇಲ್ಲ. ಕಾಲಿನ ಸುತ್ತ ಸಾಲ್ಡರಲ್ಲಿ ಕೂದಲಷ್ಟು ತೆಳ್ಳಗೆ ಉಂಗುರದಂಥ ಬಿರುಕು. ಪ್ಲಗ್ ಹಾಕಿದ್ರೆ ಜ್ಯಾಕ್ ಮೇಲೆದ್ದು ಬಿರುಕು ಬಾಯಿ ಬಿಡ್ತಿತ್ತು, ನಾನು ಪ್ರೋಬ್ ಒತ್ತಿದ್ರೆ ಮುಚ್ಕೊಂಡು ಒಳ್ಳೆ ಹುಡುಗನ ಥರ ಬೀಪ್ ಅಂತಿತ್ತು. ಹೋದ ವಾರವೆಲ್ಲಾ ನಾನೇ ಒತ್ತಿ ಒತ್ತಿ ಸುಳ್ಳು ಹೇಳಿಸಿದೀನಿ.

ಹಳೇ ಸಾಲ್ಡರನ್ನ ವಿಕ್ಕಿಂದ (ಸಾಲ್ಡರ್ ಹೀರೋ ತಾಮ್ರದ ಜಾಲರಿ) ತೆಗೆದು, ಫ್ಲಕ್ಸ್ ಹಚ್ಚಿ ಹೊಸ 60/40 ಸಾಲ್ಡರ್ ಹಾಕಿದೆ, ಅಷ್ಟರಲ್ಲಿ ಕಾಲು ಬೆಸೆಯೋ ತಾಮ್ರದ ಪ್ಯಾಡೇ ಎದ್ದು ಬಂತು. ಅಲ್ಲಿಗೆ ಬರೋ ತಾಮ್ರದ ಗೆರೆ ಮೇಲಿನ ಹಸಿರು ಬಣ್ಣ ಕೆರೆದು ರೆಸಿಸ್ಟರ್ ಕಾಲಿನ ತುಂಡು ಬೆಸೆದೆ, ಜ್ಯಾಕಿನ ಹೊಟ್ಟೆಗೆ ಎಪಾಕ್ಸಿ ಮೆತ್ತಿದೆ. ನೋಡೋಕೆ ಅಸಹ್ಯ, ಆದ್ರೆ ಒಳಗಿರುತ್ತೆ.

ಉಳಿದಿರೋ ಮೂರು ಕಾಲಿನ ಹತ್ತು ಜ್ಯಾಕಿಗೆ ಒಂದು ಗತಿ ಕಾಣಿಸ್ಬೇಕಲ್ಲ, ಸಿಮಾಯ್ ಅನ್ನೋ ಪುಟ್ಟ ಹೆಡ್‌ಫೋನ್ ಆಂಪ್ಲಿಫೈಯರ್ ಮಾಡೋಣ ಅಂತಿದೀನಿ. 9 ವೋಲ್ಟ್ ಬ್ಯಾಟರಿ, ಓಪಿಎ 2134 ಚಿಪ್ಪು, ಮೈಸೂರ್ ಪಾಕ್ ಬಂದಿದ್ದ ತಗಡಿನ ಡಬ್ಬಿ ಒರೆಸಿ ಇಟ್ಟಾಗಿದೆ. ಅದ್ರಲ್ಲಿ ಬ್ಯಾಟರಿ ವೋಲ್ಟೇಜನ್ನ ಎರಡು ಭಾಗ ಮಾಡಿ ನಡುವೆ ಗ್ರೌಂಡ್ ಹುಟ್ಟಿಸ್ಬೇಕು, ಅಂದ್ರೆ ಮತ್ತೆ ಗ್ರೌಂಡಿನ ಸಹವಾಸವೇ. ಡಬ್ಬಿ ತಗಡಿಗೆ ಜ್ಯಾಕಿನ ಗ್ರೌಂಡ್ ತಾಗದ ಹಾಗೆ ಪ್ಲಾಸ್ಟಿಕ್ ಮೈಯ ಜ್ಯಾಕ್ ಬೇಕು, ಅದೃಷ್ಟಕ್ಕೆ ಬಂದಿರೋದು ಅದೇ.

ಬೆಳಿಗ್ಗೆ ಅಪ್ಪ ಮೂರು ಹಾಡು ಕಣ್ಮುಚ್ಚಿ ಕೇಳಿದ್ರು. ಹೆಡ್‌ಫೋನ್ ತೆಗೆದು "ಬಲಗಡೆ ಸ್ವಲ್ಪ ಕಮ್ಮಿ ಇದೆಯಲ್ಲೋ" ಅಂದ್ರು. ಎದೆ ಧಸಕ್ ಅಂತು. ಪಾವುಕಂಟ್ರೋಲ್ ತೆಗೆದು ನೋಡ್ತೀನಿ, ಆ ನಾಲ್ಕು ರಾತ್ರೀಲಿ ನಾನೇ ಎಳೆದು ಬಿಟ್ಟಿದ್ದ ಬಲಗಡೆ ಸ್ಲೈಡರ್ ಇನ್ನೂ 70ರಲ್ಲೇ ಕೂತಿದೆ.