ಸೆಮಿನರಿ ಹುಡುಗರನ್ನು ಜೊತೆಗೆ ಕರೆದುಕೊಂಡು ಹೋಗಿ

ಪುಣೆಯ ಬಿಬ್ವೇವಾಡಿಯಲ್ಲಿ ಯೂನಿಯನ್ ಬಿಬ್ಲಿಕಲ್ ಸೆಮಿನರಿ ಇದೆ, 1983ರಲ್ಲಿ ಯವತ್ಮಾಳದಿಂದ ಇಲ್ಲಿಗೆ ಬಂದದ್ದು. ನಗರ್ ರೋಡ್ ಕಡೆ ಕ್ಯಾಥೊಲಿಕರ ಪೇಪಲ್ ಸೆಮಿನರಿ, ಅದು 1955ರಲ್ಲಿ ಶ್ರೀಲಂಕಾದ ಕ್ಯಾಂಡಿಯಿಂದ ಬಂತು. ಊರಲ್ಲಿ ಹೀಗೆ ದೇವಸೇವೆಗೆ ಓದುವ ಹುಡುಗರು ಜಾಸ್ತಿ. ನಮ್ಮ ಸಣ್ಣ ಕನ್ನಡ ಸಭೆಗೂ (ಚರ್ಚಿಗೂ) ಬೀದರ್, ಕಲಬುರಗಿ ಕಡೆಯ ಒಬ್ಬಿಬ್ಬರು ಭಾನುವಾರದ ಸೇವೆಗೆ ಬರುತ್ತಾರೆ. ಅವರನ್ನು ನೋಡಿಕೊಳ್ಳುವ ಕೆಲಸ ನನ್ನದು.

ಬಂದ ಕೂಡಲೇ ಕೇಳುವುದು ಒಂದೇ, ಸಭೆಯಲ್ಲಿ ಬೈಬಲ್ ಬೋಧಿಸುವ ಅವಕಾಶ. "ಅಣ್ಣಾ, ನನಗ ಪ್ರಸಂಗ ಯಾವಾಗ ಕೊಡ್ತೀರಿ?"

ಕೊಡುತ್ತೇನೆ, ಮೊದಲು ನನ್ನ ಜೊತೆ ನಾಲ್ಕು ಮನೆಗೆ ಬಾ ಅನ್ನುತ್ತೇನೆ. ಬೈಬಲಿನಲ್ಲಿ ಮಾರ್ಕ 3:14 ನೋಡಿ. ಯೇಸು ಹನ್ನೆರಡು ಮಂದಿಯನ್ನು ಆರಿಸಿದ್ದು ಮೊದಲು ತನ್ನ ಸಂಗಡ ಇರುವುದಕ್ಕೆ, ಸಾರುವುದಕ್ಕೆ ಕಳಿಸುವ ಮಾತು ಆಮೇಲೆ. ಆ ಕ್ರಮ ಸುಮ್ನೆ ಬಂದದ್ದಲ್ಲ ಅಂತ ನನ್ನ ನಂಬಿಕೆ.

ಕಳೆದ ಮಳೆಗಾಲದಲ್ಲಿ ಒಬ್ಬನನ್ನು ಯೆರವಡಾದ ಒಂದು ಮನೆಗೆ ಕರೆದುಕೊಂಡು ಹೋಗಿದ್ದೆ. ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬ, ಗಂಡ ಮೇಲಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ನಮ್ಮ ಹುಡುಗ ಕೂತವನೇ ಬೈಬಲ್ ತೆರೆದು ಕಷ್ಟಕಾಲದ ಬಗ್ಗೆ ಶುರು ಮಾಡಿದ, ಚೆನ್ನಾಗಿಯೇ ಹೇಳಿದ, ಆದರೆ ಆ ಮನೆಯ ಹೆಣ್ಣುಮಗಳು ಚಹಾದ ತಟ್ಟೆ ಹಿಡಿದು ಅವನ ಮಾತು ಮುಗಿಯುವ ತನಕ ಬಾಗಿಲಲ್ಲೇ ನಿಂತಿದ್ದಳು. ನಾನು ತಡೆಯಲಿಲ್ಲ. ಬಸ್ ಸ್ಟಾಪಿಗೆ ಬಂದ ಮೇಲೆ ಕೇಳಿದೆ: ಆಕೆಯ ಹೆಸರೇನು? ಈ ತಿಂಗಳ ಬಾಡಿಗೆ ಹೇಗೆ ಕಟ್ಟುತ್ತಾರೆ? ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದಾರಾ? ಅವನಿಗೆ ಒಂದೂ ಗೊತ್ತಿರಲಿಲ್ಲ. ಮುಂದಿನ ವಾರ ಅವನೇ ಒಬ್ಬನೇ ಹೋಗಿ ಬಂದ. ಗುತ್ತಿಗೆದಾರ ಕೂಲಿ ಬಾಕಿ ಇಟ್ಟಿದ್ದು ನಮಗೆ ತಿಳಿದದ್ದು ಅವನಿಂದಲೇ, ಸಭೆಯ ಹಿರಿಯರು ಹೋಗಿ ಮಾತಾಡಿ ಕೊಡಿಸಿದರು.

ತಿದ್ದುವುದಿದ್ದರೆ ಹೀಗೆ ಪಕ್ಕಕ್ಕೆ ಕರೆದು ತಿದ್ದಬೇಕು. ಆರಾಧನೆ ಮುಗಿದ ಕೂಡಲೇ ಎಲ್ಲರೆದುರು "ಪ್ರಸಂಗ ಉದ್ದ ಆಯ್ತು" ಅನ್ನುವವರನ್ನು ಕಂಡರೆ ನನಗೆ ಬೇಜಾರು. ಬೈಬಲಿನ ಅಪೊಸ್ತಲರ ಕೃತ್ಯಗಳು 18ರಲ್ಲಿ ಅಪೊಲ್ಲೋಸ್ ಎಂಬ ಬೋಧಕ ಎಫೆಸದ ಸಭಾಮಂದಿರದಲ್ಲಿ ಧೈರ್ಯವಾಗಿ ಮಾತಾಡುತ್ತಾನೆ, ಆದರೆ ಅವನಿಗೆ ಗೊತ್ತಿದ್ದದ್ದು ಯೇಸುವಿಗಿಂತ ಮೊದಲು ಸಾರಿದ ಯೋಹಾನನ ದೀಕ್ಷಾಸ್ನಾನ ಮಾತ್ರ. ಅಕ್ವಿಲ, ಪ್ರಿಸ್ಕಿಲ್ಲ ಅವನನ್ನು ತಮ್ಮ ಜೊತೆ ಕರೆದುಕೊಂಡು ಹೋಗಿ ವಿವರಿಸಿದರು. ಅವರು ಡೇರೆ ಮಾಡಿ ಬದುಕುತ್ತಿದ್ದ ಗಂಡ ಹೆಂಡತಿ. ಅಂದ ಮೇಲೆ ಇದು ಪಾಸ್ಟರದ್ದೊಂದೇ ಕೆಲಸ ಅಲ್ಲ, ಅಲ್ವಾ? ಸಾವಿನ ಮನೆಯಲ್ಲಿ ಎಷ್ಟು ಹೊತ್ತು ಕೂರಬೇಕು, ಯಾವಾಗ ಪ್ರಾರ್ಥನೆ ಶುರು ಮಾಡಬೇಕು ಅನ್ನುವುದನ್ನು ನಮ್ಮ ಹುಡುಗರಿಗೆ ಕಲಿಸುವವರು ಸಭೆಯ ಒಬ್ಬ ದೊಡ್ಡಮ್ಮ.

ಹುಡುಗರು ಮನಸ್ಸು ಬಿಚ್ಚಿ ಮಾತಾಡುವುದು ನಿಧಾನ. ಮನೆಯ ಸಾಲ, ತಂಗಿಯ ಮದುವೆ, ಪ್ರಾರ್ಥನೆ ಮಾಡೋಕೇ ಮನಸ್ಸಿಲ್ಲದ ದಿನಗಳು, ಎಲ್ಲ ಊಟದ ಹೊತ್ತಲ್ಲೇ ಹೊರಗೆ ಬರುತ್ತವೆ. ಅದನ್ನೆಲ್ಲ ಅವರ ಬಗ್ಗೆ ಸೆಮಿನರಿಗೆ ಕೊಡುವ ವರದಿಗೆ ಎಳೆಯಬೇಡಿ, ಯಾರ ಜೀವಕ್ಕಾದರೂ ಅಪಾಯ ಇದ್ದರೆ ಮಾತು ಬೇರೆ. ಭಾನುವಾರ ಮಧ್ಯಾಹ್ನ ಅವರನ್ನು ಹಾಸ್ಟೆಲ್ಲಿಗೆ ಓಡಿಸದೆ ಮನೆಗೆ ಕರೆಯಿರಿ. ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿದ್ದರೆ ಇನ್ನೂ ಖುಷಿ, ಅವರು ಊರು ಬಿಟ್ಟು ಬಂದ ಮಕ್ಕಳು.