ಮ್ಯೂನಿಕ್‌ನಿಂದ ಹ್ಯಾಂಬರ್ಗ್‌ಗೆ ಮನೆ ಸಾಗಿಸಿದ ಲೆಕ್ಕ

ಜರ್ಮನಿಗೆ ಬಂದು ಆರು ವರ್ಷಗಳಾದ ಮೇಲೆ, 2024ರ ಆಗಸ್ಟ್‌ನಲ್ಲಿ, ನಾವು ಮ್ಯೂನಿಕ್‌ನ ಬಾಡಿಗೆ ಮನೆಯನ್ನು ಬಿಟ್ಟು ಹ್ಯಾಂಬರ್ಗ್‌ಗೆ ಹೋದೆವು. ರಸ್ತೆಯಲ್ಲಿ ಸುಮಾರು 800 ಕಿಲೋಮೀಟರ್ ದೂರ. ನನ್ನ ಪತಿಗೆ ಸೆಪ್ಟೆಂಬರ್‌ನಿಂದ ಅಲ್ಲಿ ಹೊಸ ಕೆಲಸ. ನನ್ನ ಕೆಲಸ ಮನೆಯಿಂದಲೇ ನಡೆಯುವಂಥದ್ದು. ಮಗಳಿಗೆ ಮೂರನೆಯ ತರಗತಿ. ಭಾರತದಿಂದ ಇಲ್ಲಿಗೆ ಬರುವಾಗ ನಾಲ್ಕು ಸೂಟ್‌ಕೇಸುಗಳಲ್ಲಿ ಸಂಸಾರ ಮುಗಿದಿತ್ತು, ಈಗ ಒಂದೇ ದೇಶದೊಳಗೆ ಊರು ಬದಲಿಸುವುದು ಅದಕ್ಕಿಂತ ಸುಲಭವೆಂದೇ ನಂಬಿದ್ದೆವು. ಖರ್ಚಿನ ಪಟ್ಟಿಯನ್ನೂ ಶ್ರದ್ಧೆಯಿಂದ ಮಾಡಿದ್ದೆ. ಕೊನೆಗೆ ನೋಡಿದರೆ ಒಟ್ಟು ಮೊತ್ತದಲ್ಲಿ ನಾನು ಅಷ್ಟೇನೂ ತಪ್ಪಿರಲಿಲ್ಲ. ಯಾವ ಹಣ ಯಾವ ತಾರೀಖಿಗೆ ಕೈಬಿಡುತ್ತದೆ, ಯಾವುದು ಎಷ್ಟು ತಿಂಗಳ ಮೇಲೆ ಹಿಂದಿರುಗುತ್ತದೆ ಎಂಬುದನ್ನು ಮಾತ್ರ ಬರೆದಿರಲಿಲ್ಲ, ಪೇಚಿಗೆ ಸಿಕ್ಕಿಕೊಂಡದ್ದೂ ಅಲ್ಲಿಯೇ.

ಮೊದಲ ಪೆಟ್ಟು ಎರಡು ದಿನಗಳ ವಿಳಂಬದಿಂದ ಬಿತ್ತು. ಇಲ್ಲಿ ಬಾಡಿಗೆದಾರರು ಮನೆ ಬಿಡಬೇಕಾದರೆ ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್ ಕೊಡಬೇಕು. ಆ ನೋಟಿಸು ತಿಂಗಳ ಮೂರನೆಯ ಕೆಲಸದ ದಿನದೊಳಗೆ ಮಾಲೀಕರ ಕೈಸೇರಿದರೆ ಮಾತ್ರ ಆ ತಿಂಗಳು ಲೆಕ್ಕಕ್ಕೆ ಬರುತ್ತದೆ, ಇಲ್ಲವಾದರೆ ಎಣಿಕೆ ಮುಂದಿನ ತಿಂಗಳಿಂದ ಶುರುವಾಗುತ್ತದೆ. ಇ-ಮೇಲ್ ಸಾಲದು, ಕಾಗದದ ಮೇಲೆ ಶಾಯಿಯ ಸಹಿ ಇರಬೇಕು. ಹೊಸ ಕಂಪನಿಯ ಒಪ್ಪಂದಕ್ಕೆ ಎರಡೂ ಕಡೆಯ ಸಹಿ ಬೀಳುವವರೆಗೆ ಇರುವ ಮನೆಯನ್ನು ಬಿಡುವ ಧೈರ್ಯ ನಮಗಿರಲಿಲ್ಲ, ಆ ಸಹಿ ಬಂದದ್ದು ಜೂನ್ 6ಕ್ಕೆ. ಗಡುವು ಜೂನ್ 4ಕ್ಕೇ ಮುಗಿದಿತ್ತು. ಹೀಗಾಗಿ ಆಗಸ್ಟ್ ಕೊನೆಗೆ ತೀರಬೇಕಿದ್ದ ಮ್ಯೂನಿಕ್‌ನ ಬಾಡಿಗೆ ಸೆಪ್ಟೆಂಬರ್ ಕೊನೆಯವರೆಗೂ ಎಳೆಯಿತು. ನಮ್ಮ ಬದಲು ಬೇರೊಬ್ಬ ಬಾಡಿಗೆದಾರರನ್ನು ಹುಡುಕಿಕೊಟ್ಟರೆ ಬೇಗ ಬಿಡುಗಡೆ ಮಾಡುವಿರಾ ಎಂದು ಕೇಳಿದೆವು. ಹಾಗೆ ಒಪ್ಪಲೇಬೇಕೆಂಬ ನಿಯಮವಿಲ್ಲ, ಮಾಲೀಕರು ಒಪ್ಪಲೂ ಇಲ್ಲ.

ಇತ್ತ ಹೊಸ ಮನೆಯನ್ನು ಅಕ್ಟೋಬರ್‌ವರೆಗೆ ಕಾಯಿಸುವಂತೆಯೂ ಇರಲಿಲ್ಲ. ಜರ್ಮನಿಯ ಪ್ರತಿ ರಾಜ್ಯಕ್ಕೂ ಬೇರೆ ಬೇರೆ ಶಾಲಾ ರಜೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಶಾಲೆ ತೆರೆಯುವುದು ಸೆಪ್ಟೆಂಬರ್ ಎರಡನೆಯ ವಾರದ ಹೊತ್ತಿಗೆ, ಹ್ಯಾಂಬರ್ಗ್‌ನಲ್ಲಿ ಆ ವರ್ಷ ಆಗಸ್ಟ್ ಕೊನೆಗೇ ತೆರೆಯಿತು. ಮಗಳು ಹೊಸ ತರಗತಿಗೆ ಮೊದಲ ದಿನವೇ ಹೋಗಬೇಕೆಂಬ ಹಟ ನನ್ನದು, ನಡುವೆ ಸೇರುವ ಮಗುವಿನ ಸಂಕಟ ನನಗೆ ಗೊತ್ತು. ಆದ್ದರಿಂದ ಹೊಸ ಬಾಡಿಗೆ ಆಗಸ್ಟ್ 15ರಿಂದ ಆರಂಭವಾಯಿತು, ಒಂದೂವರೆ ತಿಂಗಳು ನಾವು ಎರಡು ಮನೆಗಳ ಬಾಡಿಗೆದಾರರಾಗಿದ್ದೆವು.

ಬಾಡಿಗೆ ಎಂದಾಗ ಇಲ್ಲಿ ಎರಡು ಸಂಖ್ಯೆಗಳಿರುತ್ತವೆ. ಗೋಡೆ ಮತ್ತು ಸೂರಿಗೆ ಕೊಡುವುದು ಕಾಲ್ಟ್‌ಮೀಟೆ, ಅಂದರೆ ತಣ್ಣನೆಯ ಬಾಡಿಗೆ; ಅದಕ್ಕೆ ಶಾಖ, ನೀರು, ಕಸ ವಿಲೇವಾರಿ ಮುಂತಾದವುಗಳ ಅಂದಾಜು ಮೊತ್ತ ಸೇರಿದರೆ ವಾರ್ಮ್‌ಮೀಟೆ, ಅಂದರೆ ಬೆಚ್ಚನೆಯ ಬಾಡಿಗೆ. ಹೊಸ ಮನೆಯ ತಣ್ಣನೆಯ ಬಾಡಿಗೆ 1,400 ಯೂರೋ, ಬೆಚ್ಚನೆಯದು 1,700. ಠೇವಣಿಯು ತಣ್ಣನೆಯ ಬಾಡಿಗೆಯ ಮೂರು ಪಟ್ಟನ್ನು ಮೀರಬಾರದೆಂದು ಕಾನೂನಿದೆ. ಬೆಂಗಳೂರಿನ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ಹಗುರವೆನ್ನಿಸೀತು, ಆದರೂ 4,200 ಯೂರೋ ಒಂದೇ ಸಲ ಕೊಡುವುದು ಆ ತಿಂಗಳು ನಮ್ಮಿಂದ ಆಗದ ಮಾತಾಗಿತ್ತು. ಒಪ್ಪಂದದಲ್ಲಿ ಕೀಲಿ ಕೊಡುವ ಮುನ್ನ ಪೂರ್ತಿ ಠೇವಣಿ ಎಂದೇ ಬರೆದಿತ್ತು. ಮೂರು ಸಮಾನ ಮಾಸಿಕ ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗಿದೆ ಎಂಬುದು ಸಹೋದ್ಯೋಗಿಯೊಬ್ಬರಿಂದ ತಿಳಿದು, ವಿನಯವಾಗಿಯೇ ಕೇಳಿದೆ. ಹೊಸ ಮಾಲೀಕರು ತಕರಾರಿಲ್ಲದೆ ಒಪ್ಪಿದರು. ಕೇಳದೆ ಇದ್ದಿದ್ದರೆ ಆಗಸ್ಟ್‌ನಲ್ಲೇ ಸಾಲ ಮಾಡಬೇಕಾಗುತ್ತಿತ್ತು. ಏಕೆಂದರೆ ಕಂತು ಮಾಡಿಸಿಕೊಂಡ ಮೇಲೂ ಆ ತಿಂಗಳು ಹಳೆಯ ಬಾಡಿಗೆ 1,550, ಹೊಸದರ ಅರ್ಧ 850, ಠೇವಣಿಯ ಮೊದಲ ಕಂತು 1,400, ಸಾಗಣೆಯವರಿಗೆ 2,900, ಹೀಗೆ 6,700 ಯೂರೋ ಹೊರಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಎರಡು ಬಾಡಿಗೆ, ಎರಡನೆಯ ಕಂತು ಸೇರಿ 4,650. ಅಡುಗೆಮನೆಯ ಖರ್ಚು ಇದರಲ್ಲಿ ಇನ್ನೂ ಸೇರಿಲ್ಲ.

ಅಡುಗೆಮನೆಯ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಜರ್ಮನಿಯ ಅನೇಕ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಎಂದರೆ ನಾಲ್ಕು ಗೋಡೆ, ಒಂದು ನಲ್ಲಿಯ ಕೊಳವೆ ಮತ್ತು ಒಲೆಗೆ ಬೇಕಾದ ವಿದ್ಯುತ್ ತಂತಿ, ಅಷ್ಟೇ. ಸಿಂಕು, ಕಪಾಟು, ಒಲೆ, ಕಟ್ಟೆಯ ಹಲಗೆ ಎಲ್ಲವೂ ಬಾಡಿಗೆದಾರರದು. ದೀಪಗಳನ್ನೂ ಪರದೆಯ ಸರಳುಗಳನ್ನೂ ಬಿಚ್ಚಿಕೊಂಡು ಹೋಗುವುದರಿಂದ ಖಾಲಿ ಮನೆಯ ಸೂರಿನಲ್ಲಿ ಬರೀ ತಂತಿಗಳು ಜೋತಾಡುತ್ತಿರುತ್ತವೆ. ಮುಂದೆ ಬರುವವರು ಅಡುಗೆಮನೆಯನ್ನು ಹಣ ಕೊಟ್ಟು ಉಳಿಸಿಕೊಳ್ಳಬಹುದು, ಮ್ಯೂನಿಕ್‌ನಲ್ಲಿ ನಾವು ಹಾಗೆಯೇ ಕೊಂಡಿದ್ದೆವು. ನಮ್ಮ ನಂತರ ಬಂದ ದಂಪತಿಗೆ ಅದು ಬೇಡವಾಯಿತು. ಫೋನಿನಲ್ಲಿ ಇದನ್ನು ಕೇಳಿದ ಅಮ್ಮ, "ಬಾಡಿಗೆ ಮನೆ ಅಡುಗೆಕಟ್ಟೇನ ಕಿತ್ಕೊಂಡು ಹೋಗೋದಾ? ಓನರ್ ಬೈಯಲ್ವೇನೇ?" ಎಂದು ಗಾಬರಿಯಾದರು. ಬಿಟ್ಟು ಹೋದರೆ ಬೈಯುತ್ತಾರೆ ಎಂದು ಅವರಿಗೆ ಮನದಟ್ಟು ಮಾಡಿಸಲು ಬಹಳ ಹೊತ್ತು ಹಿಡಿಯಿತು.

ನಾವು ಅದನ್ನು ಬಿಚ್ಚಿ ಹ್ಯಾಂಬರ್ಗ್‌ಗೆ ಒಯ್ದದ್ದು ಶುದ್ಧ ಜಿಪುಣತನದ ತೀರ್ಮಾನ. ಹೊಸ ಅಡುಗೆಮನೆಯ ಗೋಡೆ ಹಳೆಯದಕ್ಕಿಂತ ಇಪ್ಪತ್ತೆರಡು ಸೆಂಟಿಮೀಟರ್ ಗಿಡ್ಡ. ನೀರಿನ ಕೊಳವೆ ಎಡಕ್ಕೆ, ಹಲಗೆಯಲ್ಲಿ ಸಿಂಕಿಗೆಂದು ಕೊರೆದ ರಂಧ್ರ ಬಲಕ್ಕೆ. ತಿರುಗಿಸಿ ಇಡೋಣವೆಂದರೆ ಮುಂಭಾಗದ ದುಂಡು ಅಂಚು ಗೋಡೆಯ ಕಡೆ ಹೋಗುತ್ತಿತ್ತು. ಕಪಾಟುಗಳು ಹೇಗೋ ಹೊಂದಿಕೊಂಡವು. ಹೊಸ ಹಲಗೆ, ಅದನ್ನು ಕತ್ತರಿಸಿ ಕೂರಿಸುವ ಬಡಗಿ, ವಿದ್ಯುತ್ ಒಲೆಗೆ ಸಂಪರ್ಕ ಕೊಡುವ ಎಲೆಕ್ಟ್ರಿಷಿಯನ್ ಎಲ್ಲ ಸೇರಿ 1,100 ಯೂರೋ ಆಯಿತು, ಹನ್ನೊಂದು ದಿನ ಸ್ನಾನದ ಮನೆಯಲ್ಲಿ ಪಾತ್ರೆ ತೊಳೆದೆವು. ಮನೆ ನೋಡಲು ಹೋದಾಗಲೇ ಅಳತೆಯ ಟೇಪು ಹಿಡಿದು ಗೋಡೆ, ಕೊಳವೆ, ಬಾಗಿಲಿನ ಅಗಲಗಳನ್ನು ಬರೆದುಕೊಂಡಿದ್ದರೆ, ಆ ಹಳೆಯ ಅಡುಗೆಮನೆಯನ್ನು ಮ್ಯೂನಿಕ್‌ನಲ್ಲೇ ಸಿಕ್ಕಷ್ಟಕ್ಕೆ ಮಾರುತ್ತಿದ್ದೆ.

ಸಾಗಣೆಯ ವಿಷಯಕ್ಕೆ ಬಂದರೆ, ಸ್ವತಃ ವ್ಯಾನ್ ಬಾಡಿಗೆಗೆ ಪಡೆದು ಓಡಿಸುವ ಯೋಚನೆಯೂ ನಮಗಿತ್ತು. ಸಾಮಾನ್ಯ ಕಾರಿನ ಪರವಾನಗಿಯಲ್ಲಿ 3.5 ಟನ್‌ವರೆಗಿನ ವಾಹನ ಓಡಿಸಬಹುದು. ಆದರೆ ಆ 3.5 ಟನ್ ವಾಹನದ ತೂಕವೂ ಸೇರಿ; ಪೆಟ್ಟಿಗೆಯಾಕಾರದ ಅಂಥ ವ್ಯಾನಿನಲ್ಲಿ ಜಾಗ ಕಂಡಷ್ಟು ಭಾರ ಹಾಕುವಂತಿಲ್ಲ, ಹಲವು ವ್ಯಾನುಗಳು ಒಂದು ಟನ್ನನ್ನೂ ಹೊರುವುದಿಲ್ಲ. ಪುಸ್ತಕ, ಬಟ್ಟೆ ತೊಳೆಯುವ ಯಂತ್ರ, ಅಡುಗೆಮನೆ ಇಷ್ಟಕ್ಕೇ ಅದು ಮುಗಿಯುತ್ತಿತ್ತು. ಸಾಗಣೆ ಕಂಪನಿಗಳು ಮಾತಾಡುವುದು ಘನ ಮೀಟರಿನಲ್ಲಿ. ವೀಡಿಯೋ ಕರೆಯಲ್ಲಿ ಕೋಣೆ ಕೋಣೆ ತೋರಿಸಿದಾಗ ಒಬ್ಬರು 22 ಘನ ಮೀಟರ್ ಎಂದರು, ಇನ್ನೊಬ್ಬರು 28 ಎಂದರು. ಕಡಿಮೆ ಹೇಳಿದವರನ್ನು ನಾನು ಆರಿಸಲಿಲ್ಲ. ನೆಲಮಾಳಿಗೆಯ ಬೀಗ ತೆರೆದು ತೋರಿಸಿ ಎಂದು ಕೇಳಿದ್ದು 28 ಎಂದವರೊಬ್ಬರೇ, ನಿಶ್ಚಿತ ಬೆಲೆಯನ್ನು ಬರಹದಲ್ಲಿ ಕೊಟ್ಟವರೂ ಅವರೇ. ಎರಡೂ ಮನೆಗಳ ಮುಂದೆ ಲಾರಿ ನಿಲ್ಲಿಸಲು ನಗರಾಡಳಿತದ ಅನುಮತಿ ಪಡೆದು, ಕೆಲವು ದಿನ ಮೊದಲೇ ನಿಲುಗಡೆ ನಿಷೇಧದ ಫಲಕಗಳನ್ನು ಇಡಬೇಕು. ಅದನ್ನು ಅವರೇ ನೋಡಿಕೊಂಡರು.

ಹಾನಿಯ ಹೊಣೆಯ ಬಗ್ಗೆ ಒಂದು ಕಹಿ ಪಾಠ. ಸಾಗಣೆದಾರರ ಹೊಣೆ ಕಾನೂನಿನ ಪ್ರಕಾರ ಪ್ರತಿ ಘನ ಮೀಟರಿಗೆ 620 ಯೂರೋಗೆ ಸೀಮಿತ, ಅದೂ ವಸ್ತುವಿನ ಆ ಹೊತ್ತಿನ ಬೆಲೆಗೆ, ಹೊಸದರ ಬೆಲೆಗಲ್ಲ. ಕಣ್ಣಿಗೆ ಕಾಣುವ ಹಾನಿಯನ್ನು ಸಾಮಾನು ತಲುಪಿದ ಮರುದಿನದೊಳಗೆ, ಪೆಟ್ಟಿಗೆಯೊಳಗಿನದನ್ನು 14 ದಿನಗಳೊಳಗೆ ತಿಳಿಸಬೇಕು. ಪುಸ್ತಕದ ಕಪಾಟಿನ ಮುರಿದ ಮೂಲೆಗೆ ಹಣ ಬಂತು. ಪಿಂಗಾಣಿ ತಟ್ಟೆಗಳಿದ್ದ ಪೆಟ್ಟಿಗೆಗೆ ಬರಲಿಲ್ಲ, ಏಕೆಂದರೆ ಹಣ ಉಳಿಸಲು ಅದನ್ನು ತುಂಬಿದವಳು ನಾನೇ, ತಟ್ಟೆಗಳ ಅಡಿಗೆ ಗ್ರೈಂಡರಿನ ಕಲ್ಲನ್ನು ಇಟ್ಟವಳೂ ನಾನೇ. ಸರಿಯಾಗಿ ಕಟ್ಟದ ಪೆಟ್ಟಿಗೆಗೆ ಸಾಗಣೆದಾರರು ಹೊಣೆಯಲ್ಲ. ವಾದಿಸಲು ನನಗೂ ಮುಖವಿರಲಿಲ್ಲ.

ಹ್ಯಾಂಬರ್ಗ್ ತಲುಪಿದ ಮೇಲಿನ ಕಚೇರಿ ಕೆಲಸಗಳು ಖರ್ಚಿನವಲ್ಲ, ಗಡುವಿನವು. ಮನೆ ಸೇರಿದ ಎರಡು ವಾರಗಳೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕರ ಸಹಿಯುಳ್ಳ ದೃಢೀಕರಣ ಪತ್ರ ಬೇಕು. ತಪ್ಪಿದರೆ 1,000 ಯೂರೋವರೆಗೆ ದಂಡ ಹಾಕಲು ಅವಕಾಶವಿದೆ. ಭೇಟಿಯ ಸಮಯ ಸಿಗುವುದೇ ಕಷ್ಟವಾದ್ದರಿಂದ ಹೊರಡುವ ಮೊದಲೇ ಕಾಯ್ದಿರಿಸಿದ್ದೆ. ವಾಸದ ಪರವಾನಗಿಯ ಕಾರ್ಡಿನ ಮೇಲಿನ ವಿಳಾಸವೂ ಬದಲಾಗಬೇಕು. ಪರವಾನಗಿ ಒಂದೇ ಉದ್ಯೋಗದಾತರಿಗೆ ಕಟ್ಟುಬಿದ್ದಿರುವವರು ರಾಜೀನಾಮೆಗೆ ಮೊದಲೇ ವಿದೇಶಿಯರ ಕಚೇರಿಯನ್ನು ಕೇಳಿಕೊಳ್ಳುವುದು ಒಳ್ಳೆಯದು.

ಹಣ ಹಿಂದಿರುಗಿದ ಬಗೆ ಇನ್ನೂ ನಿಧಾನದ್ದು. ಹೊಸ ಕಂಪನಿ ಸಾಗಣೆಯ ವೆಚ್ಚವನ್ನು ಕೊಟ್ಟಿತು, ಆದರೆ ರಸೀದಿ ನೋಡಿದ ಮೇಲೆ, ಅಕ್ಟೋಬರ್‌ನ ಸಂಬಳದ ಜೊತೆಗೆ. ಕೆಲಸದ ಕಾರಣಕ್ಕೆ ಊರು ಬದಲಿಸಿದವರಿಗೆ ತೆರಿಗೆಯಲ್ಲಿ ಒಂದು ವಿನಾಯಿತಿ ಇದೆ. ಲಾರಿಯ ಬಾಡಿಗೆಯಂಥ ವೆಚ್ಚ ಬಿಟ್ಟು ಉಳಿದ ಸಣ್ಣಪುಟ್ಟ ಖರ್ಚುಗಳಿಗೆ ರಸೀದಿಯಿಲ್ಲದೆಯೇ, 2024ರ ಮಾರ್ಚ್ 1ರಿಂದ ಜಾರಿಗೆ ಬಂದ ದರದಂತೆ, ಕೆಲಸಕ್ಕೆ ಹೋಗುವವರಿಗೆ 964 ಯೂರೋ, ಜೊತೆಗೆ ಬಂದ ಮನೆಯ ಪ್ರತಿಯೊಬ್ಬರಿಗೂ 643 ಯೂರೋ ಎಂದು ತೋರಿಸಬಹುದಿತ್ತು. ನಮಗೆ 2,250 ಆಯಿತು. ಎರಡು ಬಾಡಿಗೆ ಕಟ್ಟಿದ ಅವಧಿಯ ಖರ್ಚನ್ನೂ ಮಿತಿಯೊಳಗೆ ಸೇರಿಸಬಹುದು, ಕಂಪನಿ ತುಂಬಿಕೊಟ್ಟದ್ದನ್ನು ಮಾತ್ರ ಎರಡನೆಯ ಸಲ ತೋರಿಸುವಂತಿಲ್ಲ. ಇದು ಆದಾಯದಿಂದ ಕಳೆಯುವ ಮೊತ್ತ, ಅಷ್ಟೂ ಕೈಗೆ ಬರುವುದಿಲ್ಲ. ಬಂದಷ್ಟೂ 2025ರಲ್ಲಿ, ಅಂದರೆ ಅಡುಗೆಕಟ್ಟೆಯ ಹಲಗೆಗೆ ಹಣವಿಲ್ಲದೆ ಕ್ರೆಡಿಟ್ ಕಾರ್ಡ್ ತೆಗೆದು ಎಷ್ಟೋ ತಿಂಗಳಾದ ಮೇಲೆ ಬಂತು.

ಮ್ಯೂನಿಕ್‌ನ ಠೇವಣಿ 3,750 ಯೂರೋ. ಹೊಸ ಮನೆಯ ಠೇವಣಿಗೆ ಇದೇ ಹಣವೆಂದು ನನ್ನ ಮೊದಲ ಪಟ್ಟಿಯಲ್ಲಿ ಬಾಣದ ಗುರುತು ಹಾಕಿದ್ದೆ. ಹಳೆಯ ಮಾಲೀಕರು ಮನೆಯನ್ನು ಪರಿಶೀಲಿಸಿ 2025ರ ಫೆಬ್ರವರಿಯಲ್ಲಿ 3,250 ಕಳಿಸಿದರು, ಶಾಖ ಮತ್ತು ನೀರಿನ ವಾರ್ಷಿಕ ಲೆಕ್ಕ ಬರುವವರೆಗೆ 500 ಉಳಿಸಿಕೊಂಡರು. ಹಾಗೆ ಉಳಿಸಿಕೊಳ್ಳಲು ಅವರಿಗೆ ಅವಕಾಶವಿದೆ, ಆ ಲೆಕ್ಕ ಒಪ್ಪಿಸಲು ಅವಧಿ ಮುಗಿದ ಮೇಲೆ ಹನ್ನೆರಡು ತಿಂಗಳ ಕಾಲಾವಕಾಶವೂ ಇದೆ. 2024ರ ಲೆಕ್ಕ 2025ರ ನವೆಂಬರ್‌ನಲ್ಲಿ ಬಂತು. ನಾವು ಕೊಡಬೇಕಾದ 112 ಯೂರೋ ಮುರಿದುಕೊಂಡು, ಉಳಿದ 388 ಯೂರೋಗಳನ್ನು ಅವರು ಹ್ಯಾಂಬರ್ಗ್‌ಗೆ ಕಳಿಸಿದರು.