ದಿನಾ ಬೈಬಲ್ ಓದುವುದಕ್ಕೂ ತೋಟಕ್ಕೂ ಏನು ಸಂಬಂಧ?

"ಅಕ್ಕಾ, ದಿನಾ ಬೆಳಗ್ಗೆ ಬೈಬಲ್ ಓದ್ತೀರಲ್ಲ, ಅದು ಯಾವುದೋ ಕಾಲದ, ಯಾವುದೋ ದೇಶದ ಮಾತು. ನಿಮ್ಮ ಕಾಫಿ ತೋಟಕ್ಕೆ ಅದರಿಂದ ಏನು ಉಪಯೋಗ? ನಿಮಗೆ ಬೇಕಾದ ವಾಕ್ಯ ಹುಡುಕಿ ಓದ್ತೀರಾ?"

ಚಿಕ್ಕಮಗಳೂರಿನಲ್ಲಿ ನನ್ನನ್ನು ಬಲ್ಲವರು ತುಂಬ ಜನ ಇದನ್ನು ಕೇಳಿದ್ದಾರೆ. ಪಕ್ಕದ ತೋಟದವರು ಕೇಳಿದ್ದಾರೆ, ಸ್ವಸಹಾಯ ಸಂಘದ ಗೆಳತಿಯರು ಕೇಳಿದ್ದಾರೆ. ನಮ್ಮ ಚರ್ಚಿನ ಹುಡುಗರೂ ಕೇಳುತ್ತಾರೆ.

ಮೊದಲ ಮಾತು, ನಾನು ಹುಡುಕುವುದಿಲ್ಲ. ಇವತ್ತು ಯಾವ ಭಾಗ ಓದಬೇಕು ಅನ್ನುವುದನ್ನು ಕಥೋಲಿಕ ಧರ್ಮಸಭೆ ಮೊದಲೇ ಗೊತ್ತುಮಾಡಿ ಇಟ್ಟಿದೆ. ಜಗತ್ತಿನ ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಮುಗಿದ ಮೇಲೆ, 1969ರಲ್ಲಿ ಬಂದ ಪಟ್ಟಿ ಅದು. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತು ಬರುತ್ತವೆ. ವಾರದ ದಿನಗಳಲ್ಲಿ ಶುಭಸಂದೇಶ, ಅಂದರೆ ಯೇಸುವಿನ ಬದುಕು, ಮಾತುಗಳನ್ನು ಹೇಳುವ ಭಾಗ, ಪ್ರತಿ ವರ್ಷವೂ ಅದೇ. ಅದಕ್ಕೆ ಮುಂಚೆ ಓದುವ ಮೊದಲ ವಾಚನ ಮಾತ್ರ ಸಾಮಾನ್ಯ ಕಾಲದಲ್ಲಿ, ಅಂದರೆ ಕ್ರಿಸ್ಮಸ್, ಈಸ್ಟರ್‌ಗಳ ಹಿಂದುಮುಂದಿನ ವಿಶೇಷ ದಿನಗಳನ್ನು ಬಿಟ್ಟು ಉಳಿದ ದಿನಗಳಲ್ಲಿ, ವರ್ಷ ಬಿಟ್ಟು ವರ್ಷ ಬದಲಾಗುತ್ತದೆ. ನಮ್ಮ ಚರ್ಚಿನಲ್ಲಿ ಓದುವುದನ್ನೇ ಅದೇ ದಿನ ರೋಮ್‌ನಲ್ಲೂ ಓದುತ್ತಾರೆ. ನನ್ನ ಮನಸ್ಸಿಗೆ ಹಿತವಾದದ್ದನ್ನು ನಾನೇ ಆರಿಸಿಕೊಂಡರೆ ನನಗೆ ಬೇಕಾದ ಉತ್ತರವೇ ಸಿಗುತ್ತಿತ್ತು. ಆರಿಸುವ ಹಕ್ಕು ನನ್ನ ಕೈಯಲ್ಲಿ ಇಲ್ಲದಿರುವುದೇ ಒಳ್ಳೆಯದು ಅಂತ ನನ್ನ ನಂಬಿಕೆ.

ಒಂದು ಉದಾಹರಣೆ ಹೇಳುತ್ತೇನೆ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಮೊದಲ ವಾರದ ಸೋಮವಾರ, ಬೈಬಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡ ಅನ್ನುವ ಪುಸ್ತಕದ 19ನೇ ಅಧ್ಯಾಯ ಬರುತ್ತದೆ. ಕೂಲಿಯವನ ಕೂಲಿಯನ್ನು ರಾತ್ರಿಯಿಡೀ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಅನ್ನುತ್ತದೆ ಅದರ 13ನೇ ವಚನ. ಆ ಸೋಮವಾರ ಬರುವುದು ಫೆಬ್ರವರಿಯಲ್ಲಿ ಇಲ್ಲವೇ ಮಾರ್ಚ್‌ನಲ್ಲಿ. ನಮ್ಮ ಕಡೆ ರೋಬಸ್ಟಾ ಕೊಯ್ಲು ಮುಗಿದು ಲೆಕ್ಕ ಚುಕ್ತಾ ಮಾಡುವ ಹೊತ್ತು. ಕಾಫಿ ಒಣಗಿ ಮೂಟೆ ಸೇರಿರುತ್ತದೆ, ದುಡ್ಡು ಕೈ ಸೇರಿರುವುದಿಲ್ಲ. ರೇಟು ಇನ್ನೂ ಏರಬಹುದು ಅಂತ ಕಾಯುವ ಆಸೆ ಎಲ್ಲ ಬೆಳೆಗಾರರಿಗೂ ಇರುತ್ತದೆ, ನಮಗೂ ಇದೆ. ಆದರೆ ಆ ವಚನ ಓದಿದ ಮೇಲೆ ಒಂದು ಸ್ಪಷ್ಟವಾಗುತ್ತದೆ. ಮೂಟೆ ನನ್ನದು, ಕಾಯುವುದು ನನ್ನಿಷ್ಟ. ಬಟವಾಡೆಯ ದುಡ್ಡು, ಅಂದರೆ ಕೂಲಿಯ ದುಡ್ಡು, ನನ್ನದಲ್ಲ. ನನ್ನ ಲಾಭದ ಆಸೆಗೆ ತೋಟದ ಲೈನ್ ಮನೆಗಳಲ್ಲಿರುವ ಕೆಲಸದವರು ಯಾಕೆ ಕಾಯಬೇಕು? ಅದಕ್ಕೇ ನಮ್ಮಲ್ಲಿ ಬಟವಾಡೆಗೆ ಬೇಕಾದಷ್ಟು ಕಾಫಿಯನ್ನು ಮೊದಲೇ ಮಾರುತ್ತೇವೆ. ಉಳಿದದ್ದಕ್ಕೆ ಬೇಕಾದರೆ ರೇಟು ಕಾಯುತ್ತೇವೆ.

ಎಲ್ಲವೂ ಇಷ್ಟು ನೇರವಾಗಿ ಹೊಂದುವುದಿಲ್ಲ. ಅದೇ ಅಧ್ಯಾಯದ 9 ಮತ್ತು 10ನೇ ವಚನ ನೋಡಿ. ಹೊಲದ ಅಂಚಿನವರೆಗೂ ಕೊಯ್ಯಬೇಡ, ಕೊಯ್ಲಿನಲ್ಲಿ ಬಿದ್ದುಳಿದ ಹಕ್ಕಲು ಆಯಬೇಡ, ದ್ರಾಕ್ಷಿ ತೋಟದಲ್ಲಿ ಉದುರಿದ ಹಣ್ಣನ್ನು ಬಡವರಿಗೂ ಪರದೇಶಿಗಳಿಗೂ ಬಿಟ್ಟುಬಿಡು ಅನ್ನುತ್ತದೆ. ಓದಲು ಬಹಳ ಚೆಂದ. ಕಾಫಿಯಲ್ಲಿ ಹಾಗೆ ಮಾಡಲು ಆಗುವುದಿಲ್ಲ! ಗಿಡದಲ್ಲಿ, ನೆಲದಲ್ಲಿ ಹಣ್ಣು ಉಳಿದರೆ ಅದರೊಳಗೆ ಕಾಯಿಕೊರಕ ಹುಳ ಉಳಿಯುತ್ತದೆ, ಮುಂದಿನ ಫಸಲಿಗೆ ಹತ್ತುತ್ತದೆ. ಬೆರಿ ಬೋರರ್ ಅಂತೀವಲ್ಲ, ಅದೇ. ನಮ್ಮ ದೇಶದಲ್ಲಿ ಅದು ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಹಾಗಾಗಿ ಕೊಯ್ಲು ಮುಗಿದ ಮೇಲೆ ಒಂದು ಹಣ್ಣೂ ಬಿಡದೆ ಆಯಿಸುತ್ತೇವೆ. ಬಿಟ್ಟರೆ ಪಕ್ಕದ ತೋಟದವರಿಗೂ ತೊಂದರೆ.

ಹಾಗಾದರೆ ಈ ವಚನ ನನಗಲ್ಲ ಅಂತ ಪುಟ ತಿರುವಿಬಿಡಬಹುದಾ? ನನಗೆ ಹಾಗನ್ನಿಸುವುದಿಲ್ಲ. ಆ ನಿಯಮದಲ್ಲಿ ನನಗೆ ತುಂಬ ದೊಡ್ಡದು ಅನ್ನಿಸುವುದು ಬಿಡುವ ಕಾಳಿನ ಪ್ರಮಾಣ ಅಲ್ಲ. ಬಡವರು ಯಜಮಾನನ ಮುಂದೆ ಕೈಚಾಚಿ ನಿಲ್ಲಬೇಕಾಗಿಲ್ಲ. ಅವರೇ ಹೊಲಕ್ಕೆ ಬಂದು, ತಮ್ಮ ಕೈಯಾರೆ ಆಯ್ದುಕೊಂಡು ಹೋಗುತ್ತಾರೆ. ಅದು ಅವರ ಹಕ್ಕು. ನಾನು ಕರೆದು ಕೊಡುವುದಕ್ಕೂ, ಕೇಳದೇ ತೆಗೆದುಕೊಳ್ಳಲಿ ಅಂತ ಬಿಡುವುದಕ್ಕೂ ಬಹಳ ವ್ಯತ್ಯಾಸ ಇದೆ ಅಲ್ವಾ? ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿಸಿದಾಗ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸಿದಾಗ, ಬೀಳುವ ಸೌದೆ, ಹಲಸು, ಗಡಿಯ ಹತ್ತಿರದ ಸೊಪ್ಪು ಇವಕ್ಕೆಲ್ಲ ಈಗ ಯಾರೂ ನಮ್ಮನ್ನು ಕೇಳಬೇಕಾಗಿಲ್ಲ. ಬೇಕಾದವರು ಒಯ್ಯುತ್ತಾರೆ. ಇಲ್ಲಿನ ಮಳೆಗಾಲದಲ್ಲಿ ಒಣ ಸೌದೆಗೆ ಎಷ್ಟು ಬೆಲೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಕೆಲವು ದಿನ ಓದಿದ್ದು ನೆಮ್ಮದಿಯನ್ನೇ ಕೆಡಿಸುತ್ತದೆ. ಬಂಡೆಯ ಮೇಲೆ ಕಟ್ಟಿದ ಮನೆ, ಮರಳಿನ ಮೇಲೆ ಕಟ್ಟಿದ ಮನೆಯ ಸಾಮತಿ, ಅಂದರೆ ಯೇಸು ಹೇಳಿದ ನೀತಿಕಥೆ, ನಿಮಗೆ ಗೊತ್ತಿರಬಹುದು. ಮಳೆ ಗಾಳಿಗೆ ಬಂಡೆಯ ಮೇಲಿನದು ನಿಲ್ಲುತ್ತದೆ, ಮರಳಿನ ಮೇಲಿನದು ಬೀಳುತ್ತದೆ. ಮತ್ತಾಯನ ಶುಭಸಂದೇಶದ 7ನೇ ಅಧ್ಯಾಯ. ಅದು ಹೆಚ್ಚಾಗಿ ಜೂನ್ ಕೊನೆಗೆ, ಮಳೆ ಹಿಡಿದ ಹೊತ್ತಿಗೇ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದು ಮನೆಗಳೇ ಹೋದವು. ಅವರೆಲ್ಲ ಮರಳಿನ ಮೇಲೆ ಕಟ್ಟಿದ್ದರಾ? ಹಾಸನದ ಹತ್ತಿರ ಶೆಟ್ಟಿಹಳ್ಳಿಯ ಚರ್ಚ್ ನೋಡಿ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಹಿನ್ನೀರು ಅದನ್ನು ಸುತ್ತುತ್ತದೆ. ಪ್ರವಾಸಿಗರು ಫೋಟೋ ತೆಗೆಯುತ್ತಾರೆ. ಅಲ್ಲಿ ಜ್ಞಾನಸ್ನಾನ ಪಡೆದವರು, ಮದುವೆಯಾದವರು ಊರು ಬಿಟ್ಟು ಹೋದರು. ಅವರ ನಂಬಿಕೆ ಕಡಿಮೆ ಇತ್ತು ಅಂತ ಯಾರು ಹೇಳಬಲ್ಲರು?

ಮತ್ತೆ ಮತ್ತೆ ಓದಿದಾಗ ನನಗೆ ಕಂಡದ್ದು ಇಷ್ಟು. ಆ ಕಥೆಯಲ್ಲಿ ಮಳೆ, ಪ್ರವಾಹ, ಗಾಳಿ ಎರಡೂ ಮನೆಗೆ ಹೊಡೆಯುತ್ತವೆ. ನಂಬಿದವರ ಮನೆಗೆ ಮಳೆ ಬರುವುದಿಲ್ಲ ಅಂತ ಯೇಸುಸ್ವಾಮಿ ಹೇಳಲೇ ಇಲ್ಲ. ಮಾತು ಕೇಳಿ ಅದರಂತೆ ನಡೆಯುವವನೇ ಬಂಡೆಯ ಮೇಲೆ ಕಟ್ಟಿದವನು ಅಂತ ಹೇಳಿದ್ದು. ಗುಡ್ಡ ಕುಸಿದದ್ದಕ್ಕೆ ಇದು ಸಮಾಧಾನ ಆಗುವುದಿಲ್ಲ. ಆದರೆ ಮನೆ ಕಳೆದುಕೊಂಡವರ ಮುಂದೆ ಈ ವಚನ ಹೇಳಿ ಬುದ್ಧಿವಾದ ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ಅಕ್ಕಿ, ಕಂಬಳಿ ತಲುಪಿಸುವುದೇ ಆ ಮಾತಿನಂತೆ ನಡೆಯುವುದು.

ಏನೂ ಹೊಳೆಯದ ದಿನಗಳೂ ಇವೆ. ಡಿಸೆಂಬರ್ 17ಕ್ಕೆ ಯೇಸುವಿನ ವಂಶಾವಳಿ ಬರುತ್ತದೆ, ಬರೀ ಹೆಸರುಗಳು. ಅರೇಬಿಕಾ ಕೊಯ್ಲಿನ ಗಡಿಬಿಡಿಯಲ್ಲಿ ಸುಮ್ನೆ ಓದಿ ಎದ್ದು ಹೋಗುತ್ತೇನೆ.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಮತ್ತಾಯ 20ನೇ ಅಧ್ಯಾಯ. ದ್ರಾಕ್ಷಿ ತೋಟದ ಯಜಮಾನ ಬೆಳಗ್ಗೆಯೇ ಬಂದವರಿಗೂ, ಸಂಜೆ ಕೊನೆಯ ಒಂದು ಗಂಟೆಗೆ ಬಂದವರಿಗೂ ಒಂದೊಂದೇ ಬೆಳ್ಳಿ ನಾಣ್ಯ ಕೊಡುತ್ತಾನೆ. ಅದು ಆಗಿನ ಕಾಲದ ಒಂದು ದಿನದ ಕೂಲಿ. ನಮ್ಮಲ್ಲಿ ಕೊಯ್ಲಿನ ಕೂಲಿ ಕಿಲೋ ಲೆಕ್ಕ. ಚುರುಕಾದ ಕೈಗೆ ಜಾಸ್ತಿ, ಮೊಣಕಾಲು ನೋವಿನ ಅಜ್ಜಿಗೆ ಕಡಿಮೆ. ತೂಕದ ಮುಂದೆ ಎಲ್ಲರೂ ಒಂದೇ, ಇದು ನ್ಯಾಯ ಅಂತ ನಾವು ಹೇಳುತ್ತೇವೆ. ಆದರೆ ಅಜ್ಜಿಯ ಮನೆಯಲ್ಲೂ ರಾತ್ರಿ ಒಲೆ ಹೊತ್ತಬೇಕು. ಯಜಮಾನ ನೋಡಿದ್ದು ಅದನ್ನೇ ಅನ್ನಿಸುತ್ತದೆ. ಎಲ್ಲರಿಗೂ ಸಮ ಕೊಟ್ಟರೆ ಚುರುಕಿನವರು ಗೊಣಗುತ್ತಾರೆ, ಕಥೆಯಲ್ಲೂ ಗೊಣಗಿದರು. ಅವರ ಗೊಣಗಾಟದಲ್ಲಿ ಅರ್ಥ ಇಲ್ಲ ಅಂತ ನಾನು ಹೇಳಲಾರೆ. ನಮ್ಮ ಮನೆಯವರ ಜೊತೆ ಇದನ್ನು ಎಷ್ಟೋ ಸಲ ಮಾತಾಡಿದ ಮೇಲೆ, ವಯಸ್ಸಾದವರನ್ನು ಕಿಲೋ ಲೆಕ್ಕದಿಂದ ತೆಗೆದಿದ್ದೇವೆ. ಅವರು ಕಣದಲ್ಲಿ ಕಾಫಿ ಹರಡುತ್ತಾರೆ, ಕಸ ಆರಿಸುತ್ತಾರೆ. ಪೂರ್ತಿ ದಿನಗೂಲಿ ಕೊಡುತ್ತೇವೆ.